ಗಾದಿ ಬಿಟ್ಟು ಎದ್ದ ಸಾವಕಾರರು

ಹೈದರಾಬಾದಿನಲ್ಲಿ ಮೆಟ್ರೋ ಓಡಲು ಶುರುವಾದ ಮರುವರ್ಷ. ಆಗ ನಾನು ಅಬಿಡ್ಸಿನ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ನಮ್ಮದು ಔಷಧಿ ಬರೆಯುವ ಕೆಲಸವಲ್ಲ. ವ್ಯಾಯಾಮ ಮಾಡಿಸಿ ಕೈಕಾಲಿಗೆ ಬಲ ತರುವುದು. ಆ ಬೇಸಿಗೆಯಲ್ಲಿ ಬೇಗಂ ಬಜಾರಿನ ಮೆಣಸಿನಕಾಯಿ ವ್ಯಾಪಾರಿ ಶರಣಪ್ಪನವರನ್ನು ಮಗ ಬಸವರಾಜ ಕರೆತಂದ. ಮೂಲ ಬೀದರಿನವರು, ವಯಸ್ಸು ಅರವತ್ತೆರಡು, ಶುಗರ್ ಬೇರೆ. ಮೊಣಕಾಲು ನೋವಿನಿಂದ, ಕೂತರೆ ತಾವಾಗಿ ಏಳಲು ಆಗುತ್ತಿರಲಿಲ್ಲ. ಎಲುಬಿನ ಡಾಕ್ಟರು ನೋಡಿ, ಆಪರೇಷನ್ ಬೇಡ, ವ್ಯಾಯಾಮ ಬೇಕು ಎಂದು ಕಳಿಸಿದ್ದರು.

"ದೀಪಾವಳಿಗೆ ಅಂಗಡ್ಯಾಗಿನ ಗಾದಿ ತಗದು ಟೇಬಲ್ ಹಾಕ್ತೀನ್ರಿ. ಅಪ್ಪಾರು ಮನ್ಯಾಗ ಆರಾಮ ಇರ್ಲಿ," ಎಂದ ಬಸವರಾಜ.

"ನನ್ನ ಗಾದಿ ಮುಟ್ಟಿದ್ರ ನೋಡು!" ಎಂದರು ತಂದೆ. ದನಿ ಜೋರಿತ್ತು, ಕೈ ಮಾತ್ರ ಮೊಣಕಾಲನ್ನೇ ಒತ್ತುತ್ತಿತ್ತು.

ತಿಂಗಳಾದರೂ ಸುಧಾರಣೆ ಕಾಣಲಿಲ್ಲ. ಒಂದು ಮಧ್ಯಾಹ್ನ ಮೂಗಿಗೆ ಸೆರಗು ಹಿಡಿದು ಅಂಗಡಿಗೇ ಹೋದೆ. ನೆಲದ ಮೇಲೆ ಬಿಳಿ ಹೊದಿಕೆಯ ಗಾದಿ, ಬೆನ್ನಿಗೆ ಲೋಡು ದಿಂಬು. ನೀರಿನ ತಂಬಿಗೆ, ಫೋನು, ಮೆಣಸಿನಕಾಯಿಯ ಸ್ಯಾಂಪಲ್ ತಟ್ಟೆ ಎಲ್ಲವೂ ಕೈಗೆ ಸಿಗುವಂತೆ. ಸಾವಕಾರರು ಅಲುಗಿದರೆ ಸಾಕು, ಇಬ್ಬರು ಹಮಾಲರು ಓಡಿಬಂದು ರಟ್ಟೆ ಹಿಡಿದು ಎತ್ತುತ್ತಿದ್ದರು. ಆ ಮರ್ಯಾದೆಯೇ ಅವರ ಕಾಲಿನ ಶಕ್ತಿ ತಿಂದಿತ್ತು.

ಗಟ್ಟಿ ಹತ್ತಿಯ ಗಾದಿಗಳನ್ನು ಒಂದರ ಮೇಲೊಂದು ಹಾಕಿಸಿ ಕುರ್ಚಿಯಷ್ಟು ಎತ್ತರ ಮಾಡಿಸಿದೆ. ಎತ್ತರದಿಂದ ಏಳುವುದು ಸುಲಭ. ಬಲ ಬಂದಂತೆ ಒಂದೊಂದೇ ಗಾದಿ ತೆಗೆಯಬಹುದು. ಹೀಗೆ ಕೂತು ಏಳುವುದಕ್ಕೆ ನಾವು ಸಿಟ್ ಟು ಸ್ಟ್ಯಾಂಡ್ ಎನ್ನುತ್ತೇವೆ. ಮೊಣಕಾಲಿನ ಭಾರ ಹೊರುವ ಕ್ವಾಡ್ರಿಸೆಪ್ಸ್, ಅಂದರೆ ತೊಡೆಯ ಮುಂಭಾಗದ ಸ್ನಾಯು, ಇದರಿಂದ ಗಟ್ಟಿಯಾಗುತ್ತದೆ.

"ಗಿರಾಕಿ ಬಂದಾಗೆಲ್ಲ ನೀವ ಎದ್ದು ನಮಸ್ಕಾರ ಮಾಡ್ರಿ," ಎಂದೆ.

"ಸಾವಕಾರ ಎದ್ದು ನಿಂತ್ರ, ಮಾಲು ಹೋಗವಲ್ದು ಅಂತ ದರ ಇಳಿಸಿ ಕೇಳ್ತಾರ್ರೀ ಬಾಯಾರ!"

"ಮನ್ಯಾಗ ಕೂತ್ರ ಯಾರೂ ದರಾನ ಕೇಳೂದಿಲ್ಲ."

ಮರುದಿನದಿಂದ ಶುರು.

ಎದುರಂಗಡಿಯವರು ಬಿಡುತ್ತಾರೆಯೇ? "ಏನ್ರಿ ಸಾವಕಾರ್ರ, ಗಾದಿ ಮ್ಯಾಲ ಗಾದಿ! ನವಾಬ ಆದ್ರೇನು?"

"ಹೂಂ, ಆಗೀನಿ. ಬಂದು ಸಲಾಂ ಹೊಡಿ!" ಎನ್ನುತ್ತ ಹಲ್ಲು ಕಚ್ಚಿ ಏಳುತ್ತಿದ್ದರು. ಮೊದಮೊದಲು ನಾಲ್ಕು ಗಿರಾಕಿಗೇ ಸುಸ್ತು. ಬರಬರುತ್ತ ಊಟವಾದ ಮೇಲೆ ಬಜಾರಿನಲ್ಲಿ ಒಂದು ಸುತ್ತು ನಡೆಯುವುದೂ ರೂಢಿಯಾಯಿತು. ಮಳೆಗಾಲದಲ್ಲಿ ಒಂದು ಗಾದಿ ಹೋಯಿತು, ಗಣೇಶ ಹಬ್ಬಕ್ಕೆ ಇನ್ನೊಂದು. ಶುಗರ್ ಹಿಡಿತಕ್ಕೆ ಬಂತು, ನಿದ್ದೆಯೂ ಹತ್ತಿತು. ದರ ಮಾತ್ರ ಇಳಿಯಲಿಲ್ಲ. ಸಾವಕಾರರೇ ಎದ್ದು ಮಾತಾಡಿಸುತ್ತಾರೆಂದು ಹಳೆಯ ಗಿರಾಕಿಗಳು ಇನ್ನಷ್ಟು ಹೊತ್ತು ಕೂರುತ್ತಿದ್ದರು.

ದೀಪಾವಳಿ ಪೂಜೆಗೆ ನನ್ನನ್ನೂ ಕರೆದಿದ್ದರು. ಹೋಗಿ ನೋಡಿದರೆ ಟೇಬಲ್ ಇಲ್ಲ. ನೆಲದ ಮೇಲೆ ಮೊದಲಿನ ಒಂದೇ ಗಾದಿ. ನನ್ನನ್ನು ಕಂಡು ಶರಣಪ್ಪನವರು ಲೋಡು ಬಿಟ್ಟು ಮುಂದಕ್ಕೆ ಬಾಗಿದರು. ಹಮಾಲನೊಬ್ಬ ರೂಢಿಯಂತೆ ಧಾವಿಸಿದ. ಬಸವರಾಜ ಅವನ ತೋಳು ಹಿಡಿದು ನಿಲ್ಲಿಸಿದ.

"ಬಿಡೋ, ಅಪ್ಪಾರು ತಾವ ಏಳ್ತಾರ."

ಎದ್ದರು. ನೆಟ್ಟಗೆ ನಿಂತು ಕೈ ಮುಗಿದರು. "ಬರ್ರಿ ಬಾಯಾರ!"

ಈ ವೃತ್ತಿಯಲ್ಲಿ ನನಗೆ ಸಂದ ದೊಡ್ಡ ಸನ್ಮಾನ ಅದು. ಅಂದಿನಿಂದ, ಯಾರನ್ನಾದರೂ ರಟ್ಟೆ ಹಿಡಿದು ಕರೆತಂದರೆ, ಮೊದಲ ಪಾಠ ಹಿಡಿದವರಿಗೇ ಹೇಳುತ್ತೇನೆ: ಪಕ್ಕದಲ್ಲೇ ನಿಲ್ಲಿ, ಕೈ ಮಾತ್ರ ಬಿಡಿ.