ರಿವರ್ಸ್ ಬಾರದವನ ಸುಳ್ಳು

ಸ್ನೇಹಿತರೇ, ಇವತ್ತು ನಾನೊಂದು ಸುಳ್ಳು ಹೇಳಿ ಬಂದಿದ್ದೇನೆ.

ಹೆಂಡತಿ ಸುಮಾ ತೀರಿಕೊಂಡ ಮೇಲೆ ಮೊದಲ ಸಲ, ಇಂಗ್ಲೆಂಡಿನಲ್ಲಿ ನಾನಿರುವ ವುಲ್ವರ್‌ಹ್ಯಾಂಪ್ಟನ್‌ನಿಂದ ಒಬ್ಬನೇ ಕಾರಿನಲ್ಲಿ ವೇಲ್ಸ್ ಬೆಟ್ಟಗಳ ಕಡೆ ಹೋಗಿದ್ದೆ. ದಾರಿಯ ಚಿಕ್ಕ ಊರುಗಳಲ್ಲಿ ಟೀ ಕುಡಿಯುತ್ತಾ ಹೋಗುವುದು ಅವಳ ಆಸೆಯಾಗಿತ್ತು.

ಒಂದೇ ಗಾಡಿ ಹಿಡಿಸುವ ಬೆಟ್ಟದ ರಸ್ತೆಯಲ್ಲಿ, ಕುರಿ ತುಂಬಿದ ಟ್ರೇಲರ್ ಎಳೆದುಕೊಂಡು ಎದುರಿಗೆ ಒಂದು ಜೀಪು ಬಂತು. ಪಕ್ಕಕ್ಕೆ ಸರಿಯುವ ಜಾಗ ನನ್ನ ಹಿಂದೆ ಇಪ್ಪತ್ತೇ ಹೆಜ್ಜೆಯಲ್ಲಿತ್ತು. ಹಿಂದೆ ಹೋಗಬೇಕಾದವನು ನಾನೇ. ಆದರೆ ಇಷ್ಟು ವರ್ಷವೂ ನಾನು ರಿವರ್ಸ್ ತೆಗೆಯುವಾಗೆಲ್ಲ ಸುಮಾ ಕೆಳಗಿಳಿದು, ಹಾಸನದ ಬಸ್ ಕಂಡಕ್ಟರ್ ಹಾಗೆ ಡಿಕ್ಕಿ ತಟ್ಟುತ್ತಾ, "ಬನ್ನಿ, ಬನ್ನಿ, ಹೋಲ್ಡಾನ್" ಅನ್ನುತ್ತಿದ್ದಳು.

ಜೀಪಿನಿಂದ ವಯಸ್ಸಾದ ಹೆಂಗಸೊಬ್ಬರು ಇಳಿದು ಬಂದು, "ಸ್ವಲ್ಪ ಹಿಂದೆ ಹೋಗ್ತೀರಾ, ಲವ್?" ಎಂದರು. ಇಲ್ಲಿನ ಹಿರಿಯರು ಗುರುತಿಲ್ಲದವರನ್ನೂ ಅಕ್ಕರೆಯಿಂದ ಹಾಗೆ ಕರೆಯುತ್ತಾರೆ.

ರಿವರ್ಸ್ ತೆಗೆಯಲು ಬರುವುದಿಲ್ಲ ಎನ್ನಲು ನಾಚಿಕೆಯಾಯಿತು. "ಹೆಂಡತಿಗೆ ಹುಷಾರಿಲ್ಲ, ಆಸ್ಪತ್ರೆಯಿಂದ ಫೋನ್ ಬಂದಿದೆ" ಅಂದುಬಿಟ್ಟೆ.

ಆಕೆ ತಕ್ಷಣ ಜೀಪು ಹತ್ತಿ, ಕುರಿಗಳ ಸಮೇತ ಟ್ರೇಲರನ್ನು ರಸ್ತೆ ಅಗಲವಿದ್ದ ತಿರುವಿನವರೆಗೂ ಹಿಂದೆ ಒಯ್ದರು. ನಾನು ದಾಟುವಾಗ ಕಿಟಕಿ ಇಳಿಸಿ ಕೇಳಿದರು.

"ಹೆಂಡತಿ ಹೆಸರೇನು?"

"ಸುಮಾ."

"ಸುಮಾ ಬೇಗ ಹುಷಾರಾಗಲಿ. ನಿಧಾನಕ್ಕೆ ಹೋಗಿ."

"ಥ್ಯಾಂಕ್ಸ್" ಅಂದೆ.

ಮೂರು ತಿಂಗಳಿಂದ ಎಲ್ಲರೂ ನನಗೆ ಸಮಾಧಾನ ಹೇಳುತ್ತಿದ್ದಾರೆ. ಅವಳಿಗೆ ಹುಷಾರಾಗಲಿ ಎಂದವರು ಇವರೊಬ್ಬರೇ. ಮುಂದಿನ ಊರಿನಲ್ಲಿ ತೆಗೆದುಕೊಂಡ ಟೀ ಹಾಗೆಯೇ ಆರಿಹೋಯಿತು.

ವಾಪಸ್ ಬರುವಾಗ ಸುತ್ತಾದರೂ ಸರಿಯೆಂದು ಮೋಟರ್‌ವೇ ಹೆದ್ದಾರಿ ಹಿಡಿದೆ. ಅಲ್ಲಿ ಯಾರೂ ಹಿಂದೆ ಹೋಗಿ ಅನ್ನುವುದಿಲ್ಲ.