ನಡುವಿನ ನಲವತ್ತು ನಾಲ್ಕಾಣೆ

ಮಾರೇನಹಳ್ಳಿಯ ಮುನಿವೆಂಕಟಪ್ಪನವರ ರೋಲು ಎಂದರೆ ಬಿಚ್ಚಿ ನೋಡುವ ಪ್ರಮೇಯವೇ ಇಲ್ಲ ಎಂಬ ಹೆಸರು ನಾಣ್ಯ ಸಂಗ್ರಾಹಕರ ನಡುವೆ ಇತ್ತು. ರೋಲು ಅಂದರೆ ಒಂದೇ ಇಸವಿಯ, ಚಲಾವಣೆಯಾಗದ ಹೊಸ ನಾಣ್ಯಗಳ ಸುರುಳಿ. ಅದು ಬಿಚ್ಚದೆ ಇದ್ದಷ್ಟೂ ಬೆಲೆ. ನಿವೃತ್ತ ಬಸ್ ಕಂಡಕ್ಟರ್ ಅವರು. ಭಾನುವಾರ ಬೆಳಗಾದರೆ ನಡುಮನೆಯಲ್ಲಿ ಬಿಸ್ಕತ್ತಿನ ಡಬ್ಬಿಗಳನ್ನು ಹರಡಿಕೊಂಡು ಕೂರುತ್ತಿದ್ದರು. ಹತ್ತು ಪೈಸೆಯದು, ಇಪ್ಪತ್ತು ಪೈಸೆಯದು ಕೊಳ್ಳುವುದು, ಮಾರುವುದು ನಡೆದೇ ಇತ್ತು. ಒಂದು ರೋಲನ್ನು ಮಾತ್ರ ಎಷ್ಟು ಕೊಡುತ್ತೇನೆಂದರೂ ಮಾರಿರಲಿಲ್ಲ.

ಅದು ಎಂಬತ್ತೆಂಟರ ನಾಲ್ಕಾಣೆ. ಒಂದು ಕಡೆ ಖಡ್ಗಮೃಗ, ಇನ್ನೊಂದು ಕಡೆ ಇಸವಿಯ ಕೆಳಗೆ ಟಂಕಸಾಲೆಯ ಗುರುತಾದ ಪುಟ್ಟ ನಕ್ಷತ್ರ. ಚಿಲ್ಲರೆಗೆ ಪರದಾಡುತ್ತಿದ್ದ ಕಾಲದಲ್ಲಿ ಅವರು ರಿಸರ್ವ್ ಬ್ಯಾಂಕಿನ ಮುಂದೆ ಅರ್ಧ ದಿನ ಕ್ಯೂ ನಿಂತು ತಂದ ಐವತ್ತು ಹೊಸ ನಾಣ್ಯಗಳನ್ನು ಕ್ಯಾಲೆಂಡರ್ ಹಾಳೆಯಲ್ಲಿ ಸುತ್ತಿ, ಮೈದಾ ಅಂಟು ಹಚ್ಚಿದ್ದರು. ಎರಡೂ ತುದಿಯ ನಾಣ್ಯ ಕಾಣುವಂತೆ ಬಿಟ್ಟಿದ್ದರು.

ಆ ರೋಲಿನ ಜೊತೆಗೆ ಒಂದು ಮಾತೂ ಬರುತ್ತಿತ್ತು. “ತೊಂಬತ್ತೈದರಲ್ಲಿ ಫುಟ್‌ಬೋರ್ಡಿಂದ ಜಾರಿ ಕಾಲು ಮುರ್ಕೊಂಡೆ. ಆರು ತಿಂಗಳು ಸಂಬಳ ಇಲ್ಲ. ಆದ್ರೂ ಇದನ್ನ ಮುಟ್ಲಿಲ್ಲ ನೋಡಿ!” ಬಂದವರಿಗೆಲ್ಲ ಇದನ್ನು ಹೇಳದೆ ಕಾಫಿ ಕೊಡುತ್ತಿರಲಿಲ್ಲ, ಪುಣ್ಯಾತ್ಮ.

ಆ ಭಾನುವಾರ ಮಹಾಲಕ್ಷ್ಮಿ ಲೇಔಟಿನ ಗೌತಮ್ ಬಂದ. ಹುಡುಗನಿಗೆ ನಾಣ್ಯದ ಹುಚ್ಚು ನಿಜವಾದದ್ದು, ಜೋಪಾನ ಮಾಡುತ್ತಾನೆ ಎನ್ನಿಸಿ ಮುದುಕರು ಮೊದಲ ಸಲ ಸೋತರು, ಆ ರೋಲು ಕೊಡಲು ಒಪ್ಪಿದರು.

“ಬೇಜಾರು ಮಾಡ್ಕೋಬೇಡಿ ಅಂಕಲ್, ಇದು ಮನೇಲಿ ಸುತ್ತಿದ್ದಲ್ವಾ? ಒಂದ್ಸಲ ಬಿಚ್ಚಿ ನೋಡ್ಲಾ?”

“ಧಾರಾಳವಾಗಿ ನೋಡಪ್ಪ. ಒಂದು ಬೇರೆ ಇದ್ರೂ ಇವತ್ತಿಂದ ಈ ವ್ಯಾಪಾರ ಬಿಟ್ಬಿಡ್ತೀನಿ” ಎಂದು ಮುನಿವೆಂಕಟಪ್ಪ ತಾವೇ ಹಾಳೆ ಹರಿದರು.

ಆ ತುದಿಯ ಐದು, ಈ ತುದಿಯ ಐದು ಫಳಫಳ ಎನ್ನುತ್ತಿದ್ದವು. ನಡುವಿನವೆಲ್ಲ ಕೈಯಿಂದ ಕೈಗೆ ಹೋಗಿ ಸವೆದ ನಾಣ್ಯಗಳು. ಎಂಬತ್ತೊಂಬತ್ತು, ತೊಂಬತ್ತೆರಡು, ತೊಂಬತ್ತನಾಲ್ಕು. ಮುದುಕರ ಕಿವಿ ಕೆಂಪಾಯಿತು. ಮೂವತ್ತು ವರ್ಷದ ಹೆಸರು ಒಬ್ಬ ಹುಡುಗನ ಮುಂದೆ ಮಣ್ಣುಪಾಲಾಗಿತ್ತು.

ಬಾಗಿಲ ಬಳಿ ಅವರೆಕಾಯಿ ಸುಲಿಯುತ್ತಿದ್ದ ಹೆಂಡತಿ ಮುನಿತಾಯಮ್ಮ ತಲೆಯೆತ್ತದೆ ಹೇಳಿದರು: “ನಾನೇ ತಗೊಂಡಿದ್ದು. ನಿಮ್ಮ ಕಾಲು ಮುರಿದಾಗ ಮಗಳು ಕೀರ್ತನಾ ಹಾಲಿಗೆ ಅಂತ ಅಳ್ತಿದ್ಲು, ಮನೇಲಿ ಬಿಡಿಗಾಸಿರ್ಲಿಲ್ಲ. ತುದೀದು ನಿಮಗೆ ಕಾಣ್ಸುತ್ತೆ ಅಂತ ನಡುವಿಂದ ನಲವತ್ತು ತೆಗ್ದೆ. ನೀವು ಎದ್ದು ಓಡಾಡೋ ಹೊತ್ತಿಗೆ ನಲವತ್ತೂ ತುಂಬಿಸಿ ಮತ್ತೆ ಮೈದಾ ಹಚ್ಚಿಟ್ಟೆ. ನಾಲ್ಕಾಣೆ ಅಂದ್ರೆ ನಾಲ್ಕಾಣೆ ತಾನೇ? ಇಸವಿ ಗಿಸವಿ ನನಗೇನು ಗೊತ್ತು?”

“ನಿನಗೆಲ್ಲಿಂದ ಬಂತೇ ದುಡ್ಡು?”

“ಪಕ್ಕದ ಮನೇಲಿ ಹೂ ಕಟ್ತಿದ್ದೆ. ಮೊಳಕ್ಕೆ ನಾಲ್ಕಾಣೆ.”

ಮುನಿವೆಂಕಟಪ್ಪನವರಿಗೆ ನೆನಪಾಯಿತು. ಮಂಚದ ಮೇಲೆ ಮಲಗಿಕೊಂಡೇ, ಗಂಡ ಹೀಗೆ ಬಿದ್ದಿರುವಾಗ ಪಕ್ಕದ ಮನೆಯಲ್ಲಿ ಹರಟೆ ಹೊಡೆಯುತ್ತೀಯಾ ಎಂದು ದಿನಾ ಬೈದಿದ್ದರು. ಅವಳು ಬರುವಾಗ ಬೆರಳಲ್ಲಿ ಕನಕಾಂಬರದ ಬಣ್ಣ ಇರುತ್ತಿತ್ತು. ನೋಡಿಯೂ ಕೇಳಿರಲಿಲ್ಲ.

“ಸಾರಿ ಅಂಕಲ್, ಮಿಕ್ಸ್ ಆದ್ರೆ ನನಗೆ ಬೇಡ” ಎಂದು ಗೌತಮ್ ಮೆಲ್ಲಗೆ ಎದ್ದು ಹೋದ.

“ಮೂವತ್ತು ವರ್ಷದಿಂದ ನಿನ್ನ ಮುಂದೇನೇ ಬಡಾಯಿ ಕೊಚ್ಚಿದೀನಿ. ಒಂದ್ಸಲನಾದ್ರೂ ಹೇಳ್ಬಾರ್ದಿತ್ತಾ?”

“ಅದನ್ನ ಹೇಳುವಾಗ ನಿಮ್ಮ ಮುಖ ಅಷ್ಟು ಖುಷಿಯಾಗಿರ್ತಿತ್ತು. ಹೆಂಗೆ ಹೇಳ್ಲಿ?”

ಮುದುಕರು ಹೊಳೆಯುವ ಹತ್ತನ್ನು ಪಕ್ಕಕ್ಕೆ ಸರಿಸಿ, ಸವೆದ ನಲವತ್ತನ್ನು ಒಂದೊಂದಾಗಿ ಎಣಿಸಿದರು. ಒಂದೂ ಕಮ್ಮಿ ಇರಲಿಲ್ಲ. ಅವನ್ನಷ್ಟೇ ಹರಿದ ಆ ಹಳೆಯ ಹಾಳೆಯಲ್ಲೇ ಸುತ್ತಿ, “ಸ್ವಲ್ಪ ಮೈದಾ ಕಲಸ್ಕೊಡೇ” ಎಂದರು.