ರೊಟ್ಟಿ ಬಡಿದು ಕಲಿಸಿದ ಮಾತು

“ಪಾ!” ಎಂದಳು ಭಾಗಮ್ಮ. ಆ ಪುಟ್ಟ ಹುಡುಗಿಯ ಬಾಯಿಂದ ನಾವು ಕೇಳಿದ ಮೊದಲ ಅಕ್ಷರ ಅದು. ಆದರೆ ಅವಳೆದುರು ಕೂತಿದ್ದವಳು ನಾನಲ್ಲ, ನನ್ನ ಕೈಕೆಳಗಿನ ಹೊಸ ಥೆರಪಿಸ್ಟ್ ಸವಿತಾ.

ಶಹಾಬಾದಿನ ವಿಶೇಷ ಮಕ್ಕಳ ಶಾಲೆಯಲ್ಲಿ ಮಾತು ಕಲಿಸುವವರ ಮೇಲ್ವಿಚಾರಕಿ ನಾನು. ಕಳೆದ ವರ್ಷವೆಲ್ಲ ಕನ್ನಡಿ, ಚಿತ್ರದ ಕಾರ್ಡು ಹಿಡಿದು ಈ ಹುಡುಗಿಯ ಮುಂದೆ ಕೂತವಳೂ ನಾನೇ. ಸವಿತಾ ಮಾತ್ರ ಜೋಳದ ಹಿಟ್ಟು ಕಲಸಿ, ಅವಳ ಜೊತೆ ರೊಟ್ಟಿ ಬಡಿಯುತ್ತ, ಪ್ರತಿ ಏಟಿಗೂ ‘ಪಾ’ ಎನ್ನುವ ಆಟ ಹೂಡಿದ್ದಳು. ಮೂಲೆಯಲ್ಲಿ ಕೂತು ನೋಡುತ್ತಿದ್ದ ನಾನು, “ತುಟಿ ಇನ್ನೂ ಸರಿಯಾಗಿ ಕೂಡ್ತಿಲ್ಲ” ಎಂದು ಹುಳುಕು ತೆಗೆದೆ.

ಭಂಕೂರದಿಂದ ಬಂದಿದ್ದ ಭಾಗಮ್ಮನ ತಾಯಿ, ಹಿಟ್ಟು ಮೆತ್ತಿದ ಸವಿತಾಳ ಕೈಯನ್ನು ಕಣ್ಣಿಗೊತ್ತಿಕೊಂಡು ಅತ್ತಳು. ಆಮೇಲೆ ನನ್ನ ಕಡೆ ತಿರುಗಿ, “ಮೇಡಂ, ಈಕಿ ಭಾಳ ಚಲೋ ಕಲಿಸ್ತಾಳ್ರಿ. ನೀವೂ ಈಕಿ ಬಲ್ಲಿ ಜರಾ ಕಲೀರಲ್ಲ” ಎಂದಳು.

ಮನೆಯಲ್ಲಿ ದಿನಾ ರೊಟ್ಟಿ ಬಡಿಯುವ ನನಗೇಕೆ ಇದು ಹೊಳೆಯಲಿಲ್ಲ ಎಂಬ ಕಿಚ್ಚು ಇನ್ನೂ ಆರಿಲ್ಲ. ಈಗ ಹಿಟ್ಟಿನ ಡಬ್ಬಿ ಹೊತ್ತು ಶಾಲೆಗೆ ಹೋಗುವವಳು ನಾನೇ. ಒಂದು ಮಾತು ಮಾತ್ರ ಹೇಳಿಬಿಡುತ್ತೇನೆ: ಸವಿತಾಳ ರೊಟ್ಟಿಗಿಂತ ನನ್ನ ರೊಟ್ಟಿಯೇ ತೆಳ್ಳಗೆ.